ಕ್ಯೂಬಾದ ಡೋಲಿಗೆ ‘ಫ್ರೆಂಚ್’ ಎಂಬ ಹೆಸರು ಹೇಗೆ ಬಂತು?

ಪ್ರಶ್ನೆ: ಸಾಗರದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮಳೆಗಾಲದ ಸಂಜೆಗಳಲ್ಲಿ ನಾವು ಹತ್ತು ಹದಿನೈದು ಮಂದಿ ಒಂದೆಡೆ ಸೇರಿ, ಓದಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದೇವೆ. ಈ ಸಲ ನನ್ನ ಪಾಲಿಗೆ ಹೈಟಿಯ ಗುಲಾಮರ ಕ್ರಾಂತಿ ಬಂದಿದೆ. 1791ರ ಆಗಸ್ಟ್ ತಿಂಗಳಲ್ಲಿ, ಆಗ ಫ್ರೆಂಚರ ವಸಾಹತಾಗಿದ್ದ ಸೇಂಟ್ ಡೊಮಿಂಗ್‌ನ ಉತ್ತರ ಬಯಲಿನ ಕಬ್ಬಿನ ತೋಟಗಳಿಗೆ ಬೆಂಕಿ ಬಿದ್ದಲ್ಲಿಂದ ಹಿಡಿದು, 1804ರ ಜನವರಿ 1ರಂದು ಕ್ರಾಂತಿಯ ನಾಯಕ ದೆಸಾಲಿನ್ ಸ್ವತಂತ್ರ ಹೈಟಿಯನ್ನು ಘೋಷಿಸಿದವರೆಗಿನ ಕಥೆಯನ್ನು ಹೇಗೋ ಹೇಳಿ ಮುಗಿಸಬಲ್ಲೆ. ನನಗೆ ತೊಡಕಾಗಿರುವುದು ಅದರ ಮಗ್ಗುಲಿನ ಕಥೆ.

ಆ ಹದಿಮೂರು ವರ್ಷಗಳಲ್ಲಿ ಸೇಂಟ್ ಡೊಮಿಂಗ್ ಬಿಟ್ಟು ಓಡಿದವರಲ್ಲಿ ಬಹಳಷ್ಟು ಮಂದಿ ಸೇರಿದ್ದು ಸ್ಪೇನಿನ ಅಧೀನದಲ್ಲಿದ್ದ ಕ್ಯೂಬಾದ ಪೂರ್ವ ತುದಿಗೆ. ಎರಡರ ನಡುವಿನ ಕಡಲು ಸುಮಾರು 80 ಕಿಲೋಮೀಟರ್ ಅಗಲ, ಅಂದರೆ ಸಾಗರದಿಂದ ಶಿವಮೊಗ್ಗಕ್ಕೆ ಹೋಗುವುದಕ್ಕಿಂತ ತುಸು ಹೆಚ್ಚು. ಇವರು ಬಂದು ನೆಲೆಸಿದ ಮೇಲೆ ಕ್ಯೂಬಾಕ್ಕೆ ಕಾಫಿ ತೋಟಗಳು, ನಾಟಕಶಾಲೆ, ಜೋಡಿ ಕುಣಿತ, ಫ್ರೆಂಚ್ ನಯನಾಜೂಕು ಎಲ್ಲವೂ ಬಂದವೆಂದು ಓದುತ್ತೇನೆ. ಅದರ ಬೆನ್ನಿಗೇ ಟುಂಬಾ ಫ್ರಾನ್ಸೆಸಾ ಎಂಬ ಕುಣಿತದ ಹೆಸರೂ ಬರುತ್ತದೆ. ‘ಫ್ರೆಂಚ್ ಡೋಲು’ ಎಂದು ಅದರ ಅರ್ಥವಂತೆ. ಆದರೆ ನಾನು ನೋಡಿದ ದೃಶ್ಯಗಳಲ್ಲಿ ಬಾರಿಸುವವರೂ ಕುಣಿಯುವವರೂ ಆಫ್ರಿಕಾ ಮೂಲದವರು, ಅವರು ಹಾಡುವುದು ಫ್ರೆಂಚಿಗೆ ಆಫ್ರಿಕಾದ ನುಡಿಗಳು ಬೆರೆತು ಹುಟ್ಟಿದ ಕ್ರಿಯೋಲ್ ಭಾಷೆಯಲ್ಲಿ, ಹೆಣ್ಣುಮಕ್ಕಳು ಉಟ್ಟಿರುವುದು ಮಾತ್ರ ಗಂಜಿ ಹಾಕಿದ ಒಳಲಂಗದ ಮೇಲಿನ ಉದ್ದನೆಯ ಯುರೋಪಿಯನ್ ಉಡುಗೆ. ಇದರಲ್ಲಿ ಫ್ರೆಂಚ್ ಎನ್ನುವಂಥದ್ದು ಯಾವುದು, ಯಾರದು?

ಇನ್ನೂ ಒಂದು ಮಾತು. ನಮ್ಮ ಸೀಮೆಯಲ್ಲಿ ‘ಆಶ್ರಯ’ ಎಂದ ಕೂಡಲೇ ಕೆಳದಿಯ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ರಕ್ಷಣೆ ಕೊಟ್ಟ ಪ್ರಸಂಗ ನೆನಪಾಗುತ್ತದೆ. ಮಾತನ್ನು ಅಲ್ಲಿಂದಲೇ ಶುರು ಮಾಡೋಣವೆಂದುಕೊಂಡಿದ್ದೆ. ಆದರೆ ಓದುತ್ತಾ ಹೋದಂತೆ ಆ ಹೋಲಿಕೆ ಇಲ್ಲಿಗೆ ಒಗ್ಗುವುದಿಲ್ಲವೇನೋ ಎಂಬ ಅನುಮಾನ ಹತ್ತಿದೆ. ತಿಳಿದವರು ಹೇಳಬೇಕು.

ಉತ್ತರ: ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರು

ಮೇಡಂ, ತಮ್ಮ ಅನುಮಾನ ಸರಿಯಾಗಿದೆ. ರಾಜಾರಾಮ ಬಂದದ್ದು ಶತ್ರುವಿನಿಂದ ತಲೆ ಉಳಿಸಿಕೊಳ್ಳಲು, ದಾರಿ ಹಾಯ್ದು ಹೋಗಲು. ಕ್ಯೂಬಾದ ಬಂದರಿಗೆ ಬಂದ ಹಡಗುಗಳಲ್ಲಿ ಇದ್ದವರು ಒಂದೇ ಬಗೆಯ ಜನರಲ್ಲ. ಯಾರಿಂದ ತಪ್ಪಿಸಿಕೊಂಡು ಬಂದೆವೆಂದು ಕೇಳಿದರೆ ಒಂದೇ ಹಡಗಿನ ಇಬ್ಬರು ಎರಡು ಉತ್ತರ ಹೇಳುತ್ತಿದ್ದರು. ಆದ್ದರಿಂದ ಮೊದಲು ಹಡಗಿನೊಳಗೆ ಯಾರಿದ್ದರು ಎನ್ನುವುದನ್ನು ನೋಡೋಣ.

ಕ್ರಾಂತಿಗೆ ಮುಂಚೆ ಸೇಂಟ್ ಡೊಮಿಂಗ್‌ನಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಬಿಳಿಯರು 30ರಿಂದ 40 ಸಾವಿರ, ಸ್ವತಂತ್ರರಾದ ಮಿಶ್ರ ಹಾಗೂ ಕರಿಯ ವರ್ಣದವರು ಸುಮಾರು 30 ಸಾವಿರ. ಈ ಮೂರನೆಯ ಗುಂಪನ್ನು ಮರೆಯಬಾರದು. ಅವರಲ್ಲಿ ತೋಟದ ಒಡೆಯರಿದ್ದರು, ಗುಲಾಮರನ್ನು ಇಟ್ಟುಕೊಂಡವರಿದ್ದರು, ಬಡಗಿಗಳು, ದರ್ಜಿಗಳು, ವಾದ್ಯಗಾರರು ಎಲ್ಲರೂ ಇದ್ದರು. ಓಡಿದವರು ಒಂದೇ ದಿನ ಓಡಿದವರೂ ಅಲ್ಲ. 1791ರ ದಂಗೆಯ ನಂತರ ಕೆಲವರು, 1793ರಲ್ಲಿ ಕಾಪ್ ಫ್ರಾನ್ಸೆ ಪಟ್ಟಣ ಸುಟ್ಟಾಗ ಮತ್ತಷ್ಟು ಮಂದಿ, ನೆಪೋಲಿಯನ್ ಕಳಿಸಿದ ಸೈನ್ಯ 1803ರಲ್ಲಿ ಸೋತು ಹಿಂದೆಗೆದಾಗ ಎಲ್ಲರಿಗಿಂತ ದೊಡ್ಡ ಗುಂಪು ಹೊರಟಿತು. ಈ ಕೊನೆಯ ಗುಂಪಿನಲ್ಲಿ ಸಾವಿರಗಟ್ಟಲೆ ಜನ ಸಾಂಟಿಯಾಗೊ ದೆ ಕ್ಯೂಬಾ ಎಂಬ ಬಂದರು ಪಟ್ಟಣಕ್ಕೆ ಬಂದು ಬಿದ್ದರು. ಅಲ್ಲಿನ ಗವರ್ನರ್ ಸೆಬಾಸ್ಟಿಯನ್ ಕಿಂಡೆಲಾನ್‌ಗೆ ಇದು ಹೊಸ ತಲೆನೋವು: ತೋಟ ಮಾಡಲು ಬಲ್ಲ ಬಿಳಿಯರು ಬೇಕು, ಆದರೆ ದಂಗೆ ಕಂಡ ಗುಲಾಮರು ಬೇಡ. ಪ್ರಾಯದ ಗಂಡಾಳುಗಳನ್ನು ದಡಕ್ಕಿಳಿಸಬಾರದೆಂಬ ಆಜ್ಞೆಗಳಿದ್ದವು. ಆದರೆ ಕಾಡು ಕಡಿದು ಗಿಡ ನೆಡುವುದಕ್ಕೆ ಆಳು ಬೇಕಾದಾಗ ಆಜ್ಞೆ ಕಾಗದದ ಮೇಲೆ ಉಳಿಯುವುದು ಎಲ್ಲ ಕಡೆಯೂ ನಡೆಯುವಂಥದ್ದೇ.

ಈಗ ತಮ್ಮ ಮುಖ್ಯ ಪ್ರಶ್ನೆ. ಕ್ಯೂಬಾದಲ್ಲಿ ಗುಲಾಮರನ್ನು ಅವರು ಬಂದ ಸೀಮೆಯ ಹೆಸರಿನಿಂದ ಕರೆಯುವ ವಾಡಿಕೆ ಇತ್ತು. ಕಾಂಗೊ, ಲುಕುಮಿ, ಕಾರಾಬಾಲಿ ಎಂಬವು ಅಂಥ ಹೆಸರುಗಳು. ಒಂದೊಂದು ಹೆಸರಿನವರು ತಮ್ಮದೇ ಕೂಟ ಕಟ್ಟಿಕೊಂಡು ಹಬ್ಬದ ದಿನ ತಮ್ಮ ಡೋಲು ಬಾರಿಸುತ್ತಿದ್ದರು. ಸೇಂಟ್ ಡೊಮಿಂಗ್‌ನಿಂದ ಬಂದವರನ್ನು ‘ಫ್ರೆಂಚ್ ಕರಿಯರು’ ಎಂದು ಕರೆದರು. ಅವರ ಅಜ್ಜಿ ಕಾಂಗೊದವಳಿರಲಿ, ದಹೋಮಿಯವಳಿರಲಿ, ಕ್ಯೂಬಾದವರ ಕಿವಿಗೆ ಬೀಳುತ್ತಿದ್ದುದು ಫ್ರೆಂಚಿನ ಛಾಯೆಯ ಕ್ರಿಯೋಲ್ ಮಾತು. ಹೀಗಾಗಿ ‘ಫ್ರೆಂಚ್’ ಎನ್ನುವುದು ಆಫ್ರಿಕಾದ ಕುಲನಾಮಗಳ ಸಾಲಿನಲ್ಲಿ ಸೇರಿಕೊಂಡ ಇನ್ನೊಂದು ಕುಲನಾಮವಾಯಿತು. ಡೋಲಿಗಿರುವ ಹೆಸರು ಪ್ಯಾರಿಸ್ಸಿನದಲ್ಲ, ಈ ಕುಲದ್ದು. ನನ್ನ ಮಟ್ಟಿಗೆ ತಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿಯೇ.

ಅಸಲಿ ಫ್ರೆಂಚರ ಗತಿ ಏನಾಯಿತೆಂಬುದನ್ನೂ ಹೇಳಿಬಿಡುತ್ತೇನೆ. ಸಾಂಟಿಯಾಗೊದ ಗುಡ್ಡದ ಇಳಿಜಾರಿನಲ್ಲಿ ಅವರು ಮನೆ ಕಟ್ಟಿಕೊಂಡ ಕೇರಿಗೆ ಟಿವೊಲಿ ಎಂದು ಹೆಸರು. ಅಲ್ಲಿ ಅವರು ನಡೆಸಿದ ರಂಗಶಾಲೆಯ ಹೆಸರೇ ಕೇರಿಗೆ ನಿಂತಿತು, ಇಂದಿಗೂ ಉಳಿದಿದೆ. ಸಂಗೀತ, ನೃತ್ಯ, ಭಾಷೆ ಕಲಿಸುವವರು, ಹೊಲಿಗೆಯವರು, ಅಂಗಡಿ ಇಟ್ಟವರು ಅಲ್ಲಿದ್ದರು. ಆದರೆ 1808ರಲ್ಲಿ ನೆಪೋಲಿಯನ್ ಸ್ಪೇನಿನ ಮೇಲೆ ದಂಡೆತ್ತಿ ಹೋದಾಗ ಕ್ಯೂಬಾದಲ್ಲಿ ಫ್ರೆಂಚರೆಂದರೆ ಶತ್ರುಗಳಾದರು, 1809ರಲ್ಲಿ ಅವರನ್ನು ಹೊರಹಾಕಿದರು. ಹೊರಟ ಹಡಗುಗಳು ಹೋದದ್ದು ನ್ಯೂ ಆರ್ಲಿಯನ್ಸ್‌ಗೆ. ಅಲ್ಲಿನ ಲೆಕ್ಕ ಉಳಿದಿದೆ: ಬಿಳಿಯರು 2,731, ಸ್ವತಂತ್ರರಾದ ವರ್ಣೀಯರು 3,102, ಗುಲಾಮರು 3,226, ಒಟ್ಟು 9,059. ಆ ಊರಿನ ಜನಸಂಖ್ಯೆ ಇದರಿಂದ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸ್ಪೇನಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದವರು, ಸ್ಥಳೀಯರೊಡನೆ ಮದುವೆ ಸಂಬಂಧ ಬೆಳೆಸಿದವರು ಕ್ಯೂಬಾದಲ್ಲೇ ಉಳಿದರು. ಬೆಟ್ಟದ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಲ್ಲಿ ಅನೇಕರೂ ಉಳಿದರು, ಅವರಿಗೆ ಹೋಗಬೇಕೋ ಇರಬೇಕೋ ಎಂದು ಕೇಳಿದವರು ಯಾರೂ ಇರಲಿಲ್ಲ.

ಉತ್ತರ: ಕೊಪ್ಪದ ಕಾಫಿ ಬೆಳೆಗಾರ

ಮೇಷ್ಟ್ರು ಹೇಳಿದ್ದಕ್ಕೆ ತೋಟದ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ಸಂಸ್ಕೃತಿ ಎಂದರೆ ಹಾಡು ಕುಣಿತ ಮಾತ್ರ ಎಂದುಕೊಂಡರೆ ಈ ಕಥೆಯ ಅರ್ಧ ಭಾಗ ಕಣ್ಣಿಗೆ ಬೀಳುವುದಿಲ್ಲ. ಕ್ರಾಂತಿಗೆ ಮುಂಚೆ ಜಗತ್ತಿನ ಕಾಫಿಯ ಅರ್ಧಕ್ಕಿಂತ ಹೆಚ್ಚು ಪಾಲು ಸೇಂಟ್ ಡೊಮಿಂಗ್ ಒಂದರಿಂದಲೇ ಬರುತ್ತಿತ್ತು. ಅದು ನಿಂತಾಗ ಯುರೋಪಿನಲ್ಲಿ ಬೆಲೆ ಏರಿತು. ಕ್ಯೂಬಾದಲ್ಲಿ ಕಾಫಿ ಗಿಡ ಮೊದಲೇ ಇತ್ತು, ಆದರೆ ಅದನ್ನು ಬೆಟ್ಟದ ಬೆಳೆಯಾಗಿ, ದೊಡ್ಡ ಪ್ರಮಾಣದಲ್ಲಿ ಮಾಡುವ ಕಸುಬು ಗೊತ್ತಿದ್ದವರು ಈ ಓಡಿ ಬಂದವರು. ಸಾಂಟಿಯಾಗೊ ಮತ್ತು ಗ್ವಾಂಟನಾಮೊ ಸುತ್ತಿನ ಸಿಯೆರಾ ಮಾಯೆಸ್ತ್ರಾ ಬೆಟ್ಟಸಾಲಿನ ತಪ್ಪಲಲ್ಲಿ ಕಾಡು ಬಿದ್ದಿತ್ತು, ಕಬ್ಬಿಗೆ ಒಗ್ಗದ ಕಡಿದಾದ ಜಾಗ. ಅದನ್ನು ಅಗ್ಗಕ್ಕೆ ಕೊಂಡು ತೋಟ ಎಬ್ಬಿಸಿದರು.

ಆ ತೋಟಗಳ ಅವಶೇಷಗಳನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು 171 ತೋಟಗಳು ಅದರೊಳಗೆ ಬರುತ್ತವೆ. ಗ್ರಾನ್ ಪಿಯೆದ್ರಾ ಬೆಟ್ಟದ ಲಾ ಇಸಬೆಲಿಕಾ ಎಂಬ ತೋಟದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಚಿತ್ರಗಳನ್ನು ನೋಡಿದಾಗ ನನಗೆ ಪರಿಚಯದ ಊರನ್ನೇ ನೋಡಿದಂತಾಯಿತು: ಇಳಿಜಾರನ್ನು ಹಂತ ಹಂತವಾಗಿ ಕಟ್ಟಿ ಮಟ್ಟ ಮಾಡಿದ ಕಾಫಿ ಕಣಗಳು, ಕಣದ ಮೇಲ್ಭಾಗದಲ್ಲಿ ಒಡೆಯನ ಮನೆ, ಹಣ್ಣು ತೊಳೆಯಲು ನೀರು ತರುವ ಕಲ್ಲಿನ ಕಾಲುವೆ, ತೊಟ್ಟಿಗಳು. ಒಣಗಿದ ಕಾಫಿಯ ಸಿಪ್ಪೆ ಬಿಡಿಸುವುದಕ್ಕೆ ದುಂಡನೆಯ ಕಲ್ಲಿನ ದೋಣಿ ಇದೆ; ಅದರೊಳಗೆ ನಿಲ್ಲಿಸಿದ ಗಾಲಿಯನ್ನು ಪ್ರಾಣಿ ಕಟ್ಟಿ ಸುತ್ತಿಸುತ್ತಿದ್ದರು. ಹಿಂದೆ ನಮ್ಮಲ್ಲಿ ಮನೆ ಕಟ್ಟುವಾಗ ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣವನ್ನು ಕಂಡವರಿಗೆ ಅದರ ರೂಪವನ್ನು ಬೇರೆ ವಿವರಿಸಬೇಕಾಗಿಲ್ಲ. ಮೂಟೆಗಳನ್ನು ಬಂದರಿಗೆ ಇಳಿಸಲು ಬೆಟ್ಟದಲ್ಲಿ ಕಡಿದ ದಾರಿಗಳೂ, ಕಟ್ಟಿದ ಮೋರಿ ಸೇತುವೆಗಳೂ ಉಳಿದಿವೆ. ಕ್ಯೂಬಾದ ಪೂರ್ವ ಭಾಗದ ಬೆಟ್ಟದ ಊರುಗಳ ನಕ್ಷೆಯನ್ನು ಹಾಕಿದ್ದೇ ಈ ತೋಟಗಳು ಎಂದರೆ ಅತಿಶಯೋಕ್ತಿಯಾಗುವುದಿಲ್ಲ.

ಆದರೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ಫ್ರೆಂಚರು ಕಾಫಿ ವಿದ್ಯೆ ತಂದರು’ ಎಂದು ಬರೆಯುತ್ತಾರೆ. ಬೆಟ್ಟದಲ್ಲಿ ಗುಣಿ ತೆಗೆಯುವುದು, ನೆರಳು ಎಷ್ಟು ಬಿಡಬೇಕೆಂದು ಮರ ನೋಡಿ ಕೊಂಬೆ ಕಡಿಯುವುದು, ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಯುವುದು, ಮೋಡ ಕಂಡ ಕೂಡಲೇ ಕಣದ ಕಾಫಿಯನ್ನು ಗುಡ್ಡೆ ಹಾಕುವುದು ಇವೆಲ್ಲ ಒಡೆಯನ ಕೈಯಲ್ಲಿರುವ ವಿದ್ಯೆಯಲ್ಲ. ನಾನೂ ಒಂದು ಸಣ್ಣ ತೋಟದ ಒಡೆಯನೇ. ಕೊಯ್ಲಿನ ಹೊತ್ತಿಗೆ ಆಳು ಬಾರದಿದ್ದರೆ ನನ್ನ ವಿದ್ಯೆಯ ಬೆಲೆ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತಿದೆ. ಸೇಂಟ್ ಡೊಮಿಂಗ್‌ನ ಕಾಫಿ ಬೆಟ್ಟಗಳಲ್ಲಿ ದುಡಿದು ಬಂದ ಗುಲಾಮರ ಕೈಯಲ್ಲಿ ಆ ಕಸುಬಿನ ದೊಡ್ಡ ಪಾಲು ಸಮುದ್ರ ದಾಟಿತು. ನಮ್ಮ ಘಟ್ಟದಲ್ಲಿ ಮೇಸ್ತ್ರಿಗಳು ಮುಂಗಡ ಕೊಟ್ಟು ಕೆಳಗಿನಿಂದ ಜನರನ್ನು ಕರೆತಂದ ಕಾಲದ ಕಥೆಗಳೂ ಸುಖದವಲ್ಲ, ಆದರೂ ಅದನ್ನು ಇದಕ್ಕೆ ಸರಿಸಮ ಮಾಡಲಾರೆ. ಮುಂಗಡಕ್ಕೆ ಸಿಕ್ಕಿಬಿದ್ದವನನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ.

ಈ ತೋಟಗಳ ಭಾಗ್ಯ ಬಹಳ ಕಾಲ ಉಳಿಯಲಿಲ್ಲ. ಬ್ರೆಜಿಲ್‌ನ ಕಾಫಿಯ ಎದುರು ಬೆಲೆ ನಿಲ್ಲಲಿಲ್ಲ, 1868ರಿಂದ 1878ರವರೆಗೆ ನಡೆದ ಸ್ವಾತಂತ್ರ್ಯದ ಯುದ್ಧದಲ್ಲಿ ಪೂರ್ವದ ಎಷ್ಟೋ ತೋಟಗಳು ಸುಟ್ಟುಹೋದವು. ಊಟದ ವಿಷಯ ಯಾರೂ ಎತ್ತದ ಕಾರಣ ಅದನ್ನೂ ಹೇಳುತ್ತೇನೆ. ಆ ಕಡೆಯ ಮನೆಗಳಲ್ಲಿ ಅಕ್ಕಿಯನ್ನು ಕೆಂಪು ಹುರುಳಿಕಾಯಿ ಬೀಜದೊಡನೆ ಒಟ್ಟಿಗೆ ಬೇಯಿಸುವ ಕೊಂಗ್ರಿ ಎಂಬ ಅನ್ನವಿದೆ. ಕಾಳಿಗೂ ಅನ್ನಕ್ಕೂ ಕ್ರಿಯೋಲಿನಲ್ಲಿರುವ ಎರಡು ಪದಗಳು ಕೂಡಿ ಆ ಹೆಸರಾಯಿತೆಂದು ಬಹಳ ಮಂದಿ ಹೇಳುತ್ತಾರೆ.

ಉತ್ತರ: ಹೊಸನಗರದ ಮದ್ದಳೆಗಾರ

ಮೇಡಂ ಕೇಳಿದ್ದು ಡೋಲಿನ ಬಗ್ಗೆ, ಆದ್ದರಿಂದ ನನ್ನ ಕಸುಬಿನ ಮಟ್ಟಿಗೆ ಉತ್ತರಿಸುತ್ತೇನೆ. ಟುಂಬಾ ಫ್ರಾನ್ಸೆಸಾದ ಧ್ವನಿಮುದ್ರಣಗಳನ್ನು ನಾನು ಎರಡು ಮೂರು ವರ್ಷಗಳಿಂದ ಕೇಳುತ್ತಿದ್ದೇನೆ. ಅದರ ಮೇಳದಲ್ಲಿ ಎತ್ತರದ ಮೂರು ಡೋಲುಗಳಿರುತ್ತವೆ, ಅವುಗಳಲ್ಲಿ ದೊಡ್ಡದು ಮುಂದಾಳು. ಇವುಗಳ ಜೊತೆಗೆ ಕಾಟಾ ಎಂಬ ವಾದ್ಯ: ಒಳಗನ್ನು ಕೊರೆದು ಅಡ್ಡಲಾಗಿ ಇಟ್ಟ ಮರದ ದಿಂಡು, ಅದನ್ನು ಎರಡು ಕೋಲುಗಳಿಂದ ಬಡಿಯುತ್ತಾರೆ. ಮುಂದಾಳು ಹಾಡುಗಾರನಿಗೆ ಕೊಂಪೋಸೆ ಎಂದು ಹೆಸರು. ಅವನು ಊರಿನ ಸುದ್ದಿ, ಹೊಗಳಿಕೆ, ಕುಚೋದ್ಯ ಏನನ್ನಾದರೂ ಅಲ್ಲೇ ಪದ ಕಟ್ಟಿ ಎತ್ತುತ್ತಾನೆ, ಹೆಂಗಸರು ಗಿಲಕಿ ಹಿಡಿದು ಮೇಳದಲ್ಲಿ ಉತ್ತರ ಕೊಡುತ್ತಾರೆ. ನಮ್ಮ ಭಾಗವತರಿಗೂ ಕೊಂಪೋಸೆಗೂ ಬಹಳ ವ್ಯತ್ಯಾಸವಿದೆ, ಆದರೆ ರಂಗವನ್ನು ಹಿಡಿದು ನಡೆಸುವವನು ಹಾಡುಗಾರನೇ ಎಂಬ ಒಂದು ವಿಷಯದಲ್ಲಿ ಇಬ್ಬರೂ ನೆಂಟರು.

ಕುಣಿತದಲ್ಲಿ ಎರಡು ಮುಖ್ಯ ಬಗೆಗಳಿವೆ, ತಮ್ಮ ಪ್ರಶ್ನೆಗೆ ಉತ್ತರ ಅವೆರಡರ ನಡುವೆ ಇದೆ. ಮೊದಲನೆಯದು ಮಾಸೋನ್. ಜೋಡಿಗಳು ಸಾಲಾಗಿ ನಿಂತು, ಕೈ ಹಿಡಿದು, ಬಾಗಿ ವಂದಿಸಿ, ಸುತ್ತಿ ಬರುವ ಇದು ಒಡೆಯರ ಮನೆಯ ನೃತ್ಯಕೂಟವನ್ನು ಕಂಡು ಮಾಡಿದ್ದು. ಅನುಕರಣೆಯೋ ಅಣಕವೋ ಎಂದು ಕೇಳಿದರೆ, ಎರಡೂ ಹೌದು. ಯಜಮಾನತಿಯ ನಡಿಗೆಯನ್ನು ದಿನವೂ ನೋಡುವ ಆಳು ಅದನ್ನು ಯಜಮಾನತಿಗಿಂತ ಚೆನ್ನಾಗಿ ಮಾಡಿ ತೋರಿಸಬಲ್ಲ; ನಮ್ಮ ಬಯಲಾಟದ ಹಾಸ್ಯಗಾರನ ಸೊಗಸೂ ಅಲ್ಲಿಯೇ ಇರುವುದು. ಎರಡನೆಯದು ಯುಬಾ. ಇಲ್ಲಿ ಜೋಡಿ ಸಾಲುಗಳ ಕಟ್ಟು ಬಿಡುತ್ತದೆ, ಕುಣಿಯುವವನು ಡೋಲಿನ ಎದುರಿಗೆ ಬರುತ್ತಾನೆ. ಅದರದೇ ಒಂದು ರೂಪವಾದ ಫ್ರೆಂತೆಯಲ್ಲಿ ಮೈಗೆ ಬಣ್ಣದ ವಸ್ತ್ರಗಳನ್ನು ಕಟ್ಟಿಕೊಂಡ ಒಬ್ಬನೇ ನರ್ತಕ ಮುಂದಾಳು ಡೋಲಿನವನಿಗೆ ಸವಾಲು ಹಾಕುತ್ತಾನೆ. ಹೆಜ್ಜೆಗೆ ಪೆಟ್ಟು, ಪೆಟ್ಟಿಗೆ ಹೆಜ್ಜೆ. ಒಂದೇ ರಾತ್ರಿ, ಒಂದೇ ಅಂಗಳ, ಅದೇ ಜನ, ಅದೇ ಉಡುಗೆ. ಮಾಸೋನ್‌ನ ಮೈಕಟ್ಟು ಯುರೋಪಿನ ಕಡೆಗೆ ತಿರುಗಿದ್ದರೂ ಕೆಳಗೆ ಓಡುತ್ತಿರುವುದು ಆಫ್ರಿಕಾದ ಡೋಲೇ. ಪಿಟೀಲನ್ನು ಅವರು ಆ ಅಂಗಳಕ್ಕೆ ತರಲಿಲ್ಲ ಎಂಬುದನ್ನು ಗಮನಿಸಬೇಕು.

ಈ ಕೂಟಗಳಲ್ಲಿ ಈಗ ಉಳಿದಿರುವುದು ಮೂರು: ಸಾಂಟಿಯಾಗೊದಲ್ಲಿ ಲಾ ಕಾರಿದಾದ್ ದೆ ಓರಿಯೆಂತೆ, ಗ್ವಾಂಟನಾಮೊದಲ್ಲಿ ಸಾಂತಾ ಕತಲೀನಾ, ಸಾಗುವಾ ದೆ ತಾನಮೊ ಕಡೆಯ ಬೆಟ್ಟದಲ್ಲಿ ಬೆಹೂಕೊ. ಯುನೆಸ್ಕೊ 2003ರಲ್ಲಿ ಇದನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಘೋಷಿಸಿತು. ಕ್ಯೂಬಾದಲ್ಲಿ ಗುಲಾಮಗಿರಿ ರದ್ದಾದದ್ದು 1886ರಲ್ಲಿ. ಅದರ ಹಿಂದೆ ಮುಂದೆ ಈ ಕೂಟಗಳು ಕುಣಿತಕ್ಕಷ್ಟೇ ಅಲ್ಲದೆ ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ನೆರವಾಗುವ ಸಂಘಗಳಾಗಿಯೂ ನಡೆದವು.

ಇನ್ನು ಇಡೀ ಕ್ಯೂಬಾದ ಸಂಗೀತಕ್ಕೆ ಇವರು ಕೊಟ್ಟದ್ದೆಷ್ಟು ಎಂಬ ವಾದ. ಇದು ಇತ್ಯರ್ಥವಾಗಿಲ್ಲ. ಎಂಟು ಅಕ್ಷರಗಳನ್ನು ಎಣಿಸಿಕೊಂಡು 1, 3, 4, 6, 7ನೆಯ ಅಕ್ಷರಗಳ ಮೇಲೆ ಚಪ್ಪಾಳೆ ಹಾಕಿ ನೋಡಿ. ಐದು ಪೆಟ್ಟಿನ ಈ ನಡೆಗೆ ಸಿಂಕಿಯೊ ಎಂದು ಹೆಸರು. ಹಾಕಿದವರ ಸೊಂಟ ತಾನಾಗಿ ಅಲುಗದಿದ್ದರೆ ಎಣಿಕೆ ತಪ್ಪಿದೆಯೆಂದು ತಿಳಿಯಿರಿ. ಕಾಟಾದ ಮೇಲೆ ಕೇಳುವುದು ಇದರ ಹತ್ತಿರದ ನಡೆಯನ್ನೇ. ಮಿಗೆಲ್ ಫಾಯಿಲ್ಡೆ 1879ರಲ್ಲಿ ಮತಾನ್ಸಾಸ್ ಪಟ್ಟಣದಲ್ಲಿ ನುಡಿಸಿದ, ಮುಂದೆ ಕ್ಯೂಬಾದ ರಾಷ್ಟ್ರೀಯ ನೃತ್ಯವೆನಿಸಿದ ಡಾನ್ಸೋನ್‌ನ ಬೆನ್ನೆಲುಬೂ ಇದೇ. ಸೇಂಟ್ ಡೊಮಿಂಗ್‌ನಿಂದ ಬಂದವರೇ ಈ ನಡೆಯನ್ನು ಸಾಂಟಿಯಾಗೊಗೆ ತಂದರು, ಅಲ್ಲಿಂದ ಅದು ಹವಾನಾಕ್ಕೆ ಹೋಯಿತು ಎಂದು ಕ್ಯೂಬಾದ ಲೇಖಕ ಅಲೆಹೊ ಕಾರ್ಪೆಂಟಿಯರ್ 1946ರಲ್ಲಿ ಬಲವಾಗಿ ವಾದಿಸಿದರು. ಆ ಮೇಲೆ ಬಂದವರು ಇದನ್ನು ಪೂರ್ತಿ ಒಪ್ಪಲಿಲ್ಲ. ಯುರೋಪಿನ ಕಂಟ್ರಾದಾನ್ಸಾ ಕುಣಿತ ಸ್ಪೇನಿನ ಮೂಲಕ ಹವಾನಾದಲ್ಲಿ ಮೊದಲೇ ಇತ್ತು. 1762ರಲ್ಲಿ ಇಂಗ್ಲಿಷರು ಆ ಊರನ್ನು ಹಿಡಿದಿದ್ದಾಗ ಅವರೂ ಒಂದಿಷ್ಟು ತಂದಿರಬಹುದು. ಐದು ಪೆಟ್ಟಿನ ನಡೆಗಳು ಆಫ್ರಿಕಾದಿಂದ ನೇರವಾಗಿ ಬಂದವರ ಡೋಲುಗಳಲ್ಲೂ ಇವೆ. ಕ್ಯೂಬಾದಲ್ಲಿ ಸಿಕ್ಕಿರುವ ಅತಿ ಹಳೆಯ ಅಚ್ಚಾದ ಕಂಟ್ರಾದಾನ್ಸಾ 1803ರದು, ಅದರಲ್ಲಿ ಈ ನಡೆ ಇಲ್ಲ. ಇದನ್ನೇ ಎರಡೂ ವಾದದವರು ತಮ್ಮ ತಮ್ಮ ಕಡೆಯ ಸಾಕ್ಷಿಯಾಗಿ ಎಳೆದುಕೊಳ್ಳುತ್ತಾರೆ. ತಾಳಕ್ಕೆ ಒಬ್ಬನೇ ತಂದೆಯನ್ನು ಹುಡುಕುವ ಕೆಲಸದಲ್ಲಿ ನನಗೆ ನಂಬಿಕೆಯಿಲ್ಲ. ಮೊದಲೇ ಇದ್ದ ಒಂದು ನಡೆಗೆ ಪೂರ್ವ ಕ್ಯೂಬಾದಲ್ಲಿ ಇವರಿಂದ ಹೊಸ ಒತ್ತು, ಹೊಸ ವೇಷ ಬಂತು ಎನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು.

ಮರುಪ್ರಶ್ನೆ: ಸಾಗರದ ಉಪನ್ಯಾಸಕಿ

ಮೂವರಿಗೂ ಕೃತಜ್ಞತೆಗಳು. ಮೇಜಿನ ಮೇಲೆ ಐದು ಪೆಟ್ಟು ಹಾಕಲು ಹೋಗಿ ಮನೆಯವರಿಂದ ಬೈಸಿಕೊಂಡದ್ದೂ ಆಯಿತು. ಎರಡು ವಿಷಯ ಇನ್ನೂ ಸ್ಪಷ್ಟವಾಗಬೇಕು. ಫ್ರಾನ್ಸ್ 1794ರ ಫೆಬ್ರವರಿಯಲ್ಲೇ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತ್ತಲ್ಲವೇ? ಹಾಗಿದ್ದರೆ 1803ರಲ್ಲಿ ಹಡಗು ಹತ್ತಿದ ‘ಗುಲಾಮರು’ ಕಾನೂನಿನ ಪ್ರಕಾರ ಗುಲಾಮರೇ ಅಲ್ಲ. ಮತ್ತೆ ಅವರು ಕ್ಯೂಬಾದಲ್ಲಿ ಗುಲಾಮರಾದದ್ದು ಹೇಗೆ? ಎರಡನೆಯದು, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಯರ ದಮಾಮಿ ಡೋಲನ್ನು ಇದರ ಪಕ್ಕದಲ್ಲಿಟ್ಟು ಹೇಳಬಹುದೇ?

ಉತ್ತರ: ಶಿವಮೊಗ್ಗದ ಸಂಶೋಧನಾ ವಿದ್ಯಾರ್ಥಿನಿ

ಮೇಡಂ, ತಮ್ಮ ಮೊದಲ ಪ್ರಶ್ನೆಯಲ್ಲೇ ಈ ಇಡೀ ವಿಷಯದ ಕಹಿ ಇದೆ. ತಾವು ಹೇಳಿದಂತೆ, 1803ರ ಹೊತ್ತಿಗೆ ಸೇಂಟ್ ಡೊಮಿಂಗ್‌ನಲ್ಲಿ ಇದ್ದ ಒಬ್ಬನೂ ಕಾನೂನಿನ ಕಣ್ಣಿಗೆ ಗುಲಾಮನಲ್ಲ. ಆದರೆ ಹಡಗು ಸಾಂಟಿಯಾಗೊ ತಲುಪಿದ ಕೂಡಲೇ ಸ್ಪೇನಿನ ಕಾನೂನು ಶುರು. ಅಲ್ಲಿ ಬಿಳಿಯನೊಬ್ಬ ‘ಇವಳು ನನ್ನವಳು’ ಎಂದರೆ, ಅಲ್ಲವೆಂದು ತೋರಿಸುವ ಹೊರೆ ಅವಳ ಮೇಲೆಯೇ ಬೀಳುತ್ತಿತ್ತು. ಹತ್ತು ವರ್ಷ ಸ್ವತಂತ್ರರಾಗಿ ಬಾಳಿದ ಜನ 80 ಕಿಲೋಮೀಟರ್ ದಾಟಿದ್ದಕ್ಕೆ ಮತ್ತೆ ಆಸ್ತಿಯಾದರು.

ಇದನ್ನು ಒಬ್ಬಳ ಬದುಕಿನಲ್ಲಿ ನೋಡಬಹುದು. ಪಶ್ಚಿಮ ಆಫ್ರಿಕಾದ ಪುಲಾರ್ ಮಾತಾಡುವ ಜನರ ನಡುವಿನಿಂದ ಸೆರೆಯಾಗಿ ಬಂದ ರೊಸಾಲಿ ಎಂಬ ಹೆಂಗಸು ಸೇಂಟ್ ಡೊಮಿಂಗ್‌ನ ಜೆರೆಮಿ ಸೀಮೆಯಲ್ಲಿದ್ದಳು. ಅವಳ ಜೊತೆ ಸಂಸಾರ ಮಾಡಿಕೊಂಡಿದ್ದ, ಅವಳ ಮಕ್ಕಳ ತಂದೆಯಾದ ಮಿಷೆಲ್ ವಿನ್ಸೆಂಟ್ ಎಂಬ ಫ್ರೆಂಚ್ ಮನುಷ್ಯ 1803ರಲ್ಲಿ, ಗುಲಾಮಗಿರಿ ರದ್ದಾಗಿ ಒಂಬತ್ತು ವರ್ಷಗಳ ಮೇಲೆ, ‘ಇವಳು ನನ್ನ ಗುಲಾಮಳು, ಇವಳನ್ನು ಬಿಡುಗಡೆ ಮಾಡಿದ್ದೇನೆ’ ಎಂದು ಒಂದು ಕಾಗದ ಬರೆದುಕೊಟ್ಟ. ಕಾನೂನಿನಲ್ಲಿ ಅರ್ಥವೇ ಇಲ್ಲದ ಕಾಗದ; ಆದರೆ ಬೇರೆ ದೇಶದ ಬಂದರಿನಲ್ಲಿ ಅದೊಂದೇ ಆಸರೆ. ಆಮೇಲೆ ಅವರು ಸಾಂಟಿಯಾಗೊಗೆ ಓಡಿದರು, ಅಲ್ಲಿ ಅವನು ತೀರಿಕೊಂಡ. 1809ರಲ್ಲಿ ಹೊರಹಾಕುವಾಗ ಅವರ ಮಗಳು ಎಲಿಜಬೆತ್ ತನ್ನ ಗಾಡ್‌ಮದರ್ ಜೊತೆ ನ್ಯೂ ಆರ್ಲಿಯನ್ಸ್‌ಗೆ ಹೋದಳು. ಆ ಎಲಿಜಬೆತ್‌ಳ ಮಗ ಎಡ್ವರ್ಡ್ ಟಿಂಚಾಂಟ್, ಅಮೆರಿಕದ ಅಂತರ್ಯುದ್ಧದ ನಂತರ 1867–68ರಲ್ಲಿ ಲೂಯಿಸಿಯಾನ ರಾಜ್ಯದ ಸಂವಿಧಾನ ಬರೆದ ಸಭೆಯಲ್ಲಿ ಸದಸ್ಯನಾಗಿ ಕುಳಿತು ಎಲ್ಲರಿಗೂ ಸಮಾನ ಹಕ್ಕುಗಳಿರಬೇಕೆಂದು ವಾದಿಸಿದವರಲ್ಲಿ ಒಬ್ಬ. ಕಾಗದ ಸಿಗದ ರೊಸಾಲಿಯರ ಲೆಕ್ಕ ಮೇಷ್ಟ್ರು ಮೇಲೆ ಕೊಟ್ಟ 3,226ರಲ್ಲಿ ಅಡಗಿದೆ. ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಈ ಹಡಗುಗಳಿಗಾಗಿ ಕಾಂಗ್ರೆಸ್ 1809ರಲ್ಲಿ ವಿನಾಯಿತಿಯ ಕಾನೂನು ಮಾಡಿತು.

ಇನ್ನೊಂದು ಕಡೆಯಿಂದಲೂ ನೋಡಬೇಕು, ಯಾಕೆಂದರೆ ಬೆಳೆಗಾರರು ಕಾಫಿಯ ಬಗ್ಗೆ ಹೇಳಿದ್ದು ಕಬ್ಬಿನಲ್ಲಿ ಹತ್ತರಷ್ಟಾಯಿತು. ದಂಗೆಯ ಸುದ್ದಿ ಮ್ಯಾಡ್ರಿಡ್ ತಲುಪಿದಾಗ ಅಲ್ಲಿದ್ದ, ಹವಾನಾದ ತೋಟದೊಡೆಯರ ಪರ ಮಾತಾಡುತ್ತಿದ್ದ ಫ್ರಾನ್ಸಿಸ್ಕೊ ಅರಾಂಗೊ ಇದು ಕ್ಯೂಬಾಕ್ಕೆ ಒದಗಿದ ಅವಕಾಶವೆಂದು ರಾಜನ ಮುಂದಿಟ್ಟ. ಪಕ್ಕದ ದ್ವೀಪದಲ್ಲಿ ಗುಲಾಮರು ಬಿಡುಗಡೆ ಹೊಂದಿದ ಕಾರಣಕ್ಕೇ ಇಲ್ಲಿ ಗುಲಾಮಗಿರಿ ಬೆಳೆಯಿತು: 1792ರಲ್ಲಿ ಕ್ಯೂಬಾದಲ್ಲಿ ಸುಮಾರು 84 ಸಾವಿರ ಗುಲಾಮರಿದ್ದರೆ 1841ರ ಹೊತ್ತಿಗೆ ಅವರು ಸುಮಾರು 4 ಲಕ್ಷ 36 ಸಾವಿರ. ಹಾಗೆ ಬಂದವರ ಕಿವಿಗೂ ಹೈಟಿಯ ಸುದ್ದಿ ಬೀಳುತ್ತಲೇ ಇತ್ತು. 1812ರಲ್ಲಿ ಹವಾನಾದ ಸ್ವತಂತ್ರ ಕರಿಯ ಕುಶಲಕರ್ಮಿ ಹೊಸೆ ಆಂತೋನಿಯೊ ಅಪಾಂತೆ ಎಂಬವನು ದಂಗೆಗೆ ಸಂಚು ಮಾಡಿದನೆಂದು ಗಲ್ಲಿಗೇರಿಸಿದರು. ಅವನ ಬಳಿ ಟೂಸಾಂ, ದೆಸಾಲಿನ್, ಕ್ರಿಸ್ಟೋಫ್ ಮುಂತಾದ ಹೈಟಿಯ ನಾಯಕರ ಚಿತ್ರಗಳಿದ್ದ ವಿಷಯ ವಿಚಾರಣೆಯ ದಾಖಲೆಯಿಂದ ತಿಳಿಯುತ್ತದೆ. ಅವನೇ ಮಾಡಿದ್ದ ಚಿತ್ರಗಳ ಪುಸ್ತಕ ಮಾತ್ರ ಕಳೆದುಹೋಗಿದೆ. ಓಡಿ ಬಂದ ಒಡೆಯರು ತಮ್ಮ ಜೊತೆ ಪಿಟೀಲನ್ನೂ ಭಯವನ್ನೂ ತಂದರೆ, ಅದೇ ಸುದ್ದಿ ಅಪಾಂತೆಯಂಥವರ ಕೈಯಲ್ಲಿ ಬೇರೆ ಬಣ್ಣ ಪಡೆಯಿತು. ಸಂಸ್ಕೃತಿಯ ಲೆಕ್ಕದಲ್ಲಿ ಇದನ್ನೂ ಸೇರಿಸಬೇಕೆಂದು ನನ್ನ ಕೋರಿಕೆ.

ಸಿದ್ದಿಯರ ಹೋಲಿಕೆಗೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಗೋವಾದ ಪೋರ್ಚುಗೀಸರ ಮನೆಗಳಿಂದ ತಪ್ಪಿಸಿಕೊಂಡ ಅವರ ಹಿರಿಯರಲ್ಲಿ ಎಷ್ಟೋ ಮಂದಿ ಉತ್ತರ ಕನ್ನಡದ ಕಾಡು ಸೇರಿದರು. ಕೊಂಕಣಿಯನ್ನು ಹೋಲುವ ಮಾತು ಅವರ ಮನೆಮಾತಾಯಿತು, ಡೋಲು ಉಳಿಯಿತು. ಒಡೆಯರ ಭಾಷೆಯ ಛಾಯೆ ಅಂಟಿಕೊಂಡು, ತಾಳ ತಮ್ಮದಾಗಿಯೇ ಉಳಿದದ್ದು ಎರಡೂ ಕಡೆ ಒಂದೇ. ಆದರೆ ಸಿದ್ದಿಯರು ಒಡೆಯರನ್ನು ಬಿಟ್ಟು ಓಡಿದವರು. ಟುಂಬಾದವರ ಹಿರಿಯರನ್ನು ಒಡೆಯರೇ ಎಳೆದುಕೊಂಡು ಓಡಿದ್ದು. ಈ ವ್ಯತ್ಯಾಸವನ್ನು ಬಿಟ್ಟು ಹೇಳಿದರೆ ಹೋಲಿಕೆ ದಾರಿ ತಪ್ಪಿಸುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಕ್ಯೂಬಾದಲ್ಲಿ ಹೈಟಿಯವರ ಇನ್ನೊಂದು ಅಲೆ ಇದೆ. 1913ರ ನಂತರ ಕಬ್ಬು ಕಡಿಯುವ ಕೂಲಿಗಾಗಿ ಲಕ್ಷಗಟ್ಟಲೆ ಹೈಟಿಯವರು ಬಂದರು. ಗಾಗಾ ಎಂಬ ಮೆರವಣಿಗೆಯ ಕುಣಿತ, ಪೂರ್ವ ಕ್ಯೂಬಾದ ವೊಡು ಎಂಬ ಧಾರ್ಮಿಕ ಆಚರಣೆ, ಇಂದಿಗೂ ಅಲ್ಲಿ ಕೇಳುವ ಕ್ರಿಯೋಲ್ ಮಾತು ಇವು ಹೆಚ್ಚಾಗಿ ಈ ಎರಡನೆಯ ಅಲೆಯವು. ನೂರು ವರ್ಷಗಳ ಅಂತರದ ಎರಡು ವಲಸೆಗಳನ್ನು ಒಂದೇ ಎಂದು ಬರೆದವರಿದ್ದಾರೆ. ಟುಂಬಾದ ದೃಶ್ಯವೆಂದು ಗಾಗಾವನ್ನು ತೋರಿಸುವವರೂ ಇದ್ದಾರೆ. ಸಭೆಯಲ್ಲಿ ತೋರಿಸುವ ಮುನ್ನ ನೋಡಿಕೊಳ್ಳಿ: ಗಂಜಿ ಹಾಕಿದ ಲಂಗ, ಅಡ್ಡ ಮಲಗಿಸಿದ ಕಾಟಾ ಕಂಡರೆ ಅದು ಟುಂಬಾ.

ಉತ್ತರ: ಸಾಗರದ ಉಪನ್ಯಾಸಕಿ

ಕೆಳದಿಯ ಪ್ರಸಂಗವನ್ನು ಕೈಬಿಟ್ಟೆ. ರೊಸಾಲಿಯ ಕಾಗದದಿಂದ ಶುರು ಮಾಡಿ, ಮಾಸೋನ್ ಮತ್ತು ಯುಬಾಕ್ಕೆ ಬಂದು ನಿಲ್ಲಿಸುತ್ತೇನೆ. ಮದ್ದಳೆಯವರು ಆ ಸಂಜೆ ಹೊಸನಗರದಿಂದ ಬಂದು ಐದು ಪೆಟ್ಟನ್ನು ನುಡಿಸಿ ತೋರಿಸಿದರೆ ನನ್ನ ಮಾತಿನ ಅರ್ಧ ಭಾರ ಇಳಿಯುತ್ತದೆ.

ಉತ್ತರ: ಹೊಸನಗರದ ಮದ್ದಳೆಗಾರ

ಖಂಡಿತ ಬರುತ್ತೇನೆ, ಮೇಡಂ. ಈ ಮಳೆಯ ತಂಡಿಗೆ ಮುಚ್ಚಿಗೆ ಇಳಿದು ಮದ್ದಳೆ ಮಾತೇ ಆಡುವುದಿಲ್ಲ. ಅರ್ಧ ಗಂಟೆ ಮೊದಲೇ ಬಂದು ಕಾಯಿಸಿಕೊಳ್ಳುತ್ತೇನೆ, ಒಂದು ಕೆಂಡದ ಅಗ್ಗಿಷ್ಟಿಕೆ ತೆಗೆದಿಡಿ. ಕಾಟಾಕ್ಕೆ ಬದಲು ತಮ್ಮ ಮನೆಯ ಅಕ್ಕಿ ಕುಟ್ಟುವ ಹಳೆಯ ಮರದ ಒರಳಿದ್ದರೆ ಅಡ್ಡ ಮಲಗಿಸೋಣ.